‘ಅದಕ್ಕೂ ಮೊದಲು ಏನ್ ಮಾಡ್ತಿದ್ರಿ?’

(ನಮ್ಮ ಕಾಲೇಜಿನ ಕಂಪ್ಯೂಟರ್ ಟೆಕ್ನಿಷಿಯನ್ ಅವರ ಬೀಳ್ಕೊಡುಗೆಯ ದಿನ ಗ್ರಂಥಪಾಲಕಿಯಾಗಿ ಆಡಿದ ಮಾತುಗಳು. ರೆಕಾರ್ಡಿಂಗ್ ಕೇಳಿ ಬರೆದುಕೊಂಡದ್ದು.)

ಶಾಲು ಹೊದಿಸಿದ್ದಾಯಿತು. ಹಾರ, ಹಣ್ಣಿನ ಬುಟ್ಟಿ ಎಲ್ಲಾ ಆಯಿತು. ಇವರ ಸೇವೆಯ ಬಗ್ಗೆ ಪ್ರಿನ್ಸಿಪಾಲರು ಹೇಳಬೇಕಾದ್ದನ್ನು ಹೇಳಿದ್ದಾರೆ. ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ನಾನು ಮಾಡಿದ ಒಂದು ತಪ್ಪಿನಿಂದ. ಹನ್ನೆರಡು ವರ್ಷಕ್ಕೂ ಜಾಸ್ತಿ ಆಯಿತು. ನನ್ನನ್ನೂ ಇವರನ್ನೂ ಬಿಟ್ಟರೆ ಈ ಕಾಲೇಜಿನಲ್ಲಿ ಅದು ಯಾರಿಗೂ ಗೊತ್ತಿಲ್ಲ.

2013ರ ಜೂನ್ ತಿಂಗಳು. ಲೈಬ್ರರಿಯ ಪುಸ್ತಕಗಳ ಪಟ್ಟಿ ಆಗ ಒಂದು ಎಕ್ಸೆಲ್ ಫೈಲ್‌ನಲ್ಲಿತ್ತು. ಅಕ್ಸೆಷನ್ ನಂಬರ್, ಪುಸ್ತಕದ ಹೆಸರು, ಬರೆದವರು, ಬೆಲೆ, ಕಪಾಟಿನ ನಂಬರ್. ನಾನೂ ನಮ್ಮ ಅಟೆಂಡರ್ ಅಕ್ಕನೂ ಎರಡು ವರ್ಷ ಕೂತು ಹಳೇ ರಿಜಿಸ್ಟರ್ ನೋಡಿಕೊಂಡು ತುಂಬಿಸಿದ್ದು. ಅಕ್ಕ ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಮುಂದಿನ ವಾರ ಆಡಿಟ್‌ನವರು ಬರುವವರಿದ್ದರು. ಬೆಲೆ ಜಾಸ್ತಿ ಇರುವ ಪುಸ್ತಕಗಳ ಪಟ್ಟಿ ಬೇಕು ಎಂದು ಆಫೀಸಿನಿಂದ ಹೇಳಿ ಕಳಿಸಿದ್ದರು. ಬೆಲೆಯ ಕಾಲಂ ಒಂದನ್ನೇ ಆರಿಸಿಕೊಂಡು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು ಅಂತ ಒತ್ತಿದೆ. ಎಕ್ಸೆಲ್ ಒಂದು ಡಬ್ಬಿ ತೋರಿಸಿ ಕೇಳಿತು: ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಲೋ, ಇದೊಂದನ್ನೇ ಜೋಡಿಸಲೋ? ನಾನು ಓದಲಿಲ್ಲ. ಎರಡನೆಯದನ್ನು ಒತ್ತಿದೆ. ಸೇವ್ ಮಾಡಿದೆ. ಫೈಲ್ ಮುಚ್ಚಿ ಊಟಕ್ಕೆ ಹೋದೆ.

ವಾಪಸ್ ಬಂದು ತೆರೆದರೆ ಬೆಲೆಗಳೆಲ್ಲ ಅಡ್ಡಾದಿಡ್ಡಿ. ಹದಿನೈದು ರೂಪಾಯಿಯ ಪುಟ್ಟ ಕವನ ಸಂಕಲನದ ಮುಂದೆ ಮೂರು ಸಾವಿರ. ದಪ್ಪ ನಿಘಂಟಿನ ಮುಂದೆ ಎಂಟು ರೂಪಾಯಿ. ಫೈಲ್ ಮುಚ್ಚಿ ತೆರೆದಿದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ. ಎರಡು ಗಂಟೆ ಹಾಗೇ ಕೂತಿದ್ದೆ. ಕೈ ತಣ್ಣಗಾಗಿತ್ತು. ಅಕ್ಕ ಚಹಾ ತಂದಿಟ್ಟರು. ಅದು ಆರಿ ಕೆನೆಗಟ್ಟಿತು.

ಆ ದಿನ ಇವರು ಲೈಬ್ರರಿಗೆ ಬಂದದ್ದು ಪ್ರಿಂಟರ್ ನೋಡಲು. ಪ್ರಿಂಟರ್ ಬಿಟ್ಟು ನನ್ನ ಮುಖ ನೋಡಿದರು. ‘ಏನಾಯ್ತು ಮೇಡಂ?’ ಅಂದರು. ‘ಫೈಲ್ ಕೆಟ್ಟುಹೋಗಿದೆ, ವೈರಸ್ ಇರಬೇಕು’ ಅಂದೆ. ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಇವರು ಒಂದು ಕುರ್ಚಿ ಎಳೆದುಕೊಂಡು ಕೂತರು. ಸ್ಕ್ರೀನ್ ಕಡೆ ನೋಡಲೇ ಇಲ್ಲ. ‘ಅದಕ್ಕೂ ಮೊದಲು ಏನ್ ಮಾಡ್ತಿದ್ರಿ?’ ಎಂದು ಕೇಳಿದರು. ತಿಂಡಿ ಆಯ್ತಾ ಅಂತ ಕೇಳುವ ಧ್ವನಿಯಲ್ಲಿ. ಆ ಧ್ವನಿ ಕೇಳಿದ ಮೇಲೆ ನನಗೆ ಸುಳ್ಳು ಮುಂದುವರಿಸಲು ಆಗಲಿಲ್ಲ. ಎಲ್ಲಾ ಹೇಳಿದೆ. ಡಬ್ಬಿ ಬಂದದ್ದು, ಓದದೆ ಒತ್ತಿದ್ದು, ಸೇವ್ ಮಾಡಿದ್ದು.

ಅವರ ಉತ್ತರ ಇನ್ನೂ ನೆನಪಿದೆ. ‘ಒಳ್ಳೇದಾಯ್ತು, ಇವತ್ತೇ ಹೇಳಿದ್ರಿ’ ಅಂದರು.

ಯಾಕೆ ಹಾಗೆ ಅಂದರು ಎಂಬುದು ಆಮೇಲೆ ಅರ್ಥವಾಯಿತು. ಅವರು ಬಂದ ಮೊದಲ ವರ್ಷವೇ ಸರ್ವರ್‌ನಲ್ಲಿ ಏಳು ಫೋಲ್ಡರ್ ಮಾಡಿದ್ದರು. ಸೋಮವಾರ, ಮಂಗಳವಾರ ಹೀಗೆ ಭಾನುವಾರದವರೆಗೆ. ಪ್ರತಿ ರಾತ್ರಿ ನಮ್ಮ ಫೈಲ್‌ಗಳ ಒಂದು ಪ್ರತಿ ಆ ದಿನದ ಹೆಸರಿನ ಫೋಲ್ಡರ್‌ಗೆ ಹೋಗುತ್ತಿತ್ತು. ಮುಂದಿನ ಸೋಮವಾರ ಬಂದಾಗ ಹಳೇ ಸೋಮವಾರದ ಪ್ರತಿ ಅಳಿಸಿಹೋಗಿ ಹೊಸದು ಕೂರುತ್ತಿತ್ತು. ನಾನು ಹೆದರಿ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಏಳೂ ಫೋಲ್ಡರ್‌ಗಳಲ್ಲಿ ಕೆಟ್ಟ ಫೈಲೇ ತುಂಬಿಕೊಳ್ಳುತ್ತಿತ್ತು. ಎರಡು ವರ್ಷದ ಕೆಲಸ ಉಳಿಸಿದ್ದು ಹಿಂದಿನ ರಾತ್ರಿಯ ಪ್ರತಿ, ನಿಜ. ಆದರೆ ಆ ಪ್ರತಿ ಇನ್ನೂ ಇರುವಾಗಲೇ ನನ್ನ ಬಾಯಿ ಬಿಡಿಸಿದ್ದು ಅವರ ಆ ಒಂದು ಪ್ರಶ್ನೆ.

ಈ ಮಾತನ್ನು ಹೇಳುವುದಕ್ಕೇ ನಾನು ಇವತ್ತು ಮೈಕ್ ಮುಂದೆ ಬಂದದ್ದು. ಇವರಿಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು. ಅದು ನಿಮಗೂ ಗೊತ್ತು. ಆದರೆ ಹದಿನಾಲ್ಕು ವರ್ಷದಲ್ಲಿ ಇವರು ನಮ್ಮಲ್ಲಿ ಯಾರನ್ನೂ ‘ಯಾರು ಮಾಡಿದ್ದು?’ ಎಂದು ಕೇಳಲಿಲ್ಲ. ‘ಏನಾಯ್ತು, ಅದಕ್ಕೂ ಮೊದಲು ಏನಿತ್ತು?’ ಎಂದಷ್ಟೇ ಕೇಳಿದರು. ನಾವೆಲ್ಲ ಆಫೀಸಿನ ಜನ. ನಮ್ಮಲ್ಲಿ ಏನಾದರೂ ಕೆಟ್ಟರೆ ಮೊದಲು ಹುಡುಕುವುದು ಯಾರ ಕೈ ತಾಗಿತ್ತು ಅಂತ. ಆಮೇಲೆ ಕಾರಣ ಕೇಳಿ ನೋಟಿಸ್ ಬರುತ್ತದೆ. ಆ ನೋಟಿಸ್ ಬಂದವರು ಕಾರಣ ಹೇಳುವುದಿಲ್ಲ, ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ. ಅಲ್ವಾ? ಇವರು ನಿಜವಾಗಿ ಕಾರಣ ಕೇಳಿದರು. ಹಾಗಾಗಿ ನಾವು ನಿಜವಾದ ಕಾರಣ ಹೇಳಿದೆವು.

ವಿಮಾನದ ಲೋಕದಲ್ಲಿ ಇದನ್ನು ಒಂದು ವ್ಯವಸ್ಥೆಯಾಗಿಯೇ ಮಾಡಿದ್ದಾರೆ. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ತಪ್ಪುಗಳನ್ನು, ಸ್ವಲ್ಪದರಲ್ಲೇ ತಪ್ಪಿದ ಅಪಘಾತಗಳನ್ನು ತಾವೇ ಬರೆದು ಕಳಿಸಬಹುದು. ಬರೆದವರ ಹೆಸರು ಹೊರಗೆ ಬರುವುದಿಲ್ಲ. ಆ ಕಾಗದಗಳು ಹೋಗುವುದು ದಂಡ ಹಾಕುವ ಇಲಾಖೆಗೆ ಅಲ್ಲ, ನಾಸಾಕ್ಕೆ. ದಂಡ ಹಾಕುವವರ ಕೈಗೆ ಹೋದರೆ ಯಾರೂ ಬರೆಯುವುದಿಲ್ಲ ಅಂತ ಅವರು ಮೊದಲೇ ತಿಳಿದುಕೊಂಡಿದ್ದರು. ನಮ್ಮ ಕಾಲೇಜಿನಲ್ಲಿ ಅಂಥ ಏರ್ಪಾಡು ಏನೂ ಇರಲಿಲ್ಲ. ಮೆಟ್ಟಿಲ ಕೆಳಗಿನ ಆ ಚಿಕ್ಕ ಕೋಣೆಯಲ್ಲಿ ಇವರಿದ್ದರು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಆಫೀಸಿನಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬುವ ಕಂಪ್ಯೂಟರ್ ಇದೆಯಲ್ಲ, ಕಿಟಕಿ ಪಕ್ಕದ್ದು. ಒಂದು ವರ್ಷ ಕೊನೆ ದಿನ ಹತ್ತಿರ ಬಂದಾಗ ಅದರಲ್ಲಿ ಯಾವ ಸೈಟೂ ತೆರೆಯಲಿಲ್ಲ. ಎಲ್ಲದಕ್ಕೂ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಕೆಂಪು ಎಚ್ಚರಿಕೆ. ಹೊರಗೆ ಮಕ್ಕಳು ಸಾಲು ನಿಂತಿದ್ದರು. ಒಬ್ಬರು ಇಂಟರ್ನೆಟ್ ಸರಿಯಿಲ್ಲ ಅಂದರು, ಇನ್ನೊಬ್ಬರು ಸೈಟೇ ಸರಿಯಿಲ್ಲ ಅಂದರು. ಇವರು ಬಂದು ಮತ್ತೆ ಅದೇ ಪ್ರಶ್ನೆ ಕೇಳಿದರು. ನಮ್ಮ ಎಫ್‌ಡಿಎ ಅಕ್ಕ ಸ್ವಲ್ಪ ಹಿಂಜರಿದು ಹೇಳಿದರು: ರಾತ್ರಿ ಕರೆಂಟ್ ಹೋಗಿತ್ತು, ಬೆಳಗ್ಗೆ ಆನ್ ಮಾಡಿದಾಗ ಇಂಗ್ಲಿಷ್‌ನಲ್ಲಿ ಏನೋ ಬಂತು, ಎಫ್1 ಒತ್ತಿ ಅಂತಿತ್ತು, ಒತ್ತಿಬಿಟ್ಟೆ. ಇವರು ಸ್ಕ್ರೀನಿನ ಕೆಳಗಿನ ಮೂಲೆ ನೋಡಿದರು. ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು.

ಕಂಪ್ಯೂಟರ್‌ನ ಮದರ್‌ಬೋರ್ಡ್ ಮೇಲೆ ಒಂದು ಬಿಲ್ಲೆಯಂಥ ಬ್ಯಾಟರಿ ಇರುತ್ತದೆ. ಸಿಆರ್2032 ಅಂತಾರೆ, 3 ವೋಲ್ಟಿನದು. ಗಾತ್ರ ಹೆಚ್ಚುಕಡಿಮೆ ಹಳೇ ಎಂಟಾಣೆಯಷ್ಟೇ. ಕರೆಂಟ್ ಇಲ್ಲದಾಗ ಕಂಪ್ಯೂಟರ್‌ಗೆ ಗಡಿಯಾರ ನಡೆಸುವುದು ಅದೇ. ಕೆಲವು ವರ್ಷಕ್ಕೆ ಅದು ಸಾಯುತ್ತದೆ. ಆಗ ಕಂಪ್ಯೂಟರ್ ತಾರೀಕು ಮರೆಯುತ್ತದೆ. ಸೈಟುಗಳಿಗೆ ಸುರಕ್ಷತೆಯ ಪ್ರಮಾಣಪತ್ರ ಇರುತ್ತದಲ್ಲ, ಅದಕ್ಕೆ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಅಂತ ಅವಧಿ ಇದೆ. ನಿಮ್ಮ ಗಡಿಯಾರ ಅದಕ್ಕಿಂತ ಹಿಂದಿದ್ದರೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ ಅಂತ ಲೆಕ್ಕ. ಬ್ರೌಸರ್ ಬಾಗಿಲು ಹಾಕಿಬಿಡುತ್ತದೆ. ಇವರು ಜೇಬಿನಿಂದ ಬಿಲ್ಲೆ ತೆಗೆದು ಹಾಕಿದರು, ತಾರೀಕು ಸರಿ ಮಾಡಿದರು. ಹತ್ತು ನಿಮಿಷದಲ್ಲಿ ಸಾಲು ಮುಂದಕ್ಕೆ ಹೋಯಿತು. ಹಾಕಿ ಆದಮೇಲೆ ಹಳೇ ಬಿಲ್ಲೆಯನ್ನು ಅಕ್ಕನ ಅಂಗೈ ಮೇಲಿಟ್ಟು, ‘ಇದು ಮಾಡಿದ್ದು, ನೀವಲ್ಲ’ ಎಂದರು. ಆ ಬಿಲ್ಲೆ ಅಕ್ಕನ ಮೇಜಿನ ಪೆನ್ ಸ್ಟ್ಯಾಂಡ್‌ನಲ್ಲಿ ಈಗಲೂ ಇದೆ. ಹೋಗಿ ನೋಡಿ.

2017ರ ಮೇ ತಿಂಗಳ ಮಾತು. ಮೇ 12, ಶುಕ್ರವಾರ. ವಾನ್ನಾಕ್ರೈ ಎಂಬ ವೈರಸ್ ಲೋಕವೆಲ್ಲ ಹರಡಿದ ದಿನ. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಅದು ಬೀಗ ಹಾಕಿತು. ಫೈಲ್ ಬೇಕಾದರೆ 300 ಡಾಲರ್ ಕೊಡಿ ಎಂದಿತು. ಬ್ರಿಟನ್ನಿನಲ್ಲಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಯಾರೂ ಏನನ್ನೂ ಒತ್ತದಿದ್ದರೂ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ನೆಟ್‌ವರ್ಕ್‌ನಲ್ಲೇ ಹರಿದು ಹೋಗುತ್ತಿತ್ತು. ಅದನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಂಡವರು ಉಳಿದರು.

ಮಾರನೇ ದಿನ ಎರಡನೇ ಶನಿವಾರ. ರಜೆ. ಇವರು ಟಿವಿಯಲ್ಲಿ ಸುದ್ದಿ ನೋಡಿ ಕಾಲೇಜಿಗೆ ಬಂದು ವಾಚ್‌ಮನ್ ಹತ್ತಿರ ಕೀಲಿ ತೆಗೆಸಿಕೊಂಡರು. ಮೊದಲು ಮಾಡಿದ ಕೆಲಸ, ಕಂಪ್ಯೂಟರ್‌ಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನಿಂದ ವೈರುಗಳನ್ನೆಲ್ಲ ಕಿತ್ತು ಹಾಕಿದ್ದು. ಆಮೇಲೆ ಒಂದೊಂದೇ ಯಂತ್ರದ ಮುಂದೆ ಕೂತು ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಹಾಕುತ್ತಾ ಹೋದರು. ಶನಿವಾರ ಇಡೀ ದಿನ, ಭಾನುವಾರ ಮಧ್ಯಾಹ್ನದವರೆಗೆ. ಆಫೀಸಿನಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ ಇದ್ದ ಎರಡು ಕಂಪ್ಯೂಟರ್ ಇದ್ದವು. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಮೈಕ್ರೋಸಾಫ್ಟ್ ಕೈಬಿಟ್ಟಿತ್ತು. ಆದರೆ ಈ ಆಪತ್ತಿಗೆ ಅಂತ ಎಕ್ಸ್‌ಪಿಗೂ ಒಂದು ಅಪ್‌ಡೇಟ್ ಬಿಟ್ಟರು. ಅದನ್ನೂ ಹುಡುಕಿ ಹಾಕಿದರು.

ಸೋಮವಾರ ನಾವು ಬಂದೆವು, ಕಂಪ್ಯೂಟರ್ ಆನ್ ಮಾಡಿದೆವು, ಕೆಲಸ ಮಾಡಿದೆವು. ಆ ಎರಡು ದಿನದ ಕಥೆ ನನಗೆ ಹೇಳಿದ್ದು ಇವರಲ್ಲ, ವಾಚ್‌ಮನ್.

ಆದರೆ ನಾನು ಹೇಳಬೇಕೆಂದಿದ್ದು ಮುಂದಿನದ್ದು. ಅರ್ಧಕ್ಕೂ ಜಾಸ್ತಿ ಕಂಪ್ಯೂಟರ್‌ಗಳಲ್ಲಿ ಅಪ್‌ಡೇಟ್ ಆಫ್ ಆಗಿತ್ತು. ಯಾರೋ ಬೇಕಂತಲೇ ಆಫ್ ಮಾಡಿದ್ದರು. ಬೇರೆಯವರಾಗಿದ್ದರೆ ಆವತ್ತು ಒಂದು ದೂರು ಬರೆಯುತ್ತಿದ್ದರು, ಬರೆಯುವುದಕ್ಕೆ ಹಕ್ಕೂ ಇತ್ತು. ಇವರು ಆಫೀಸಿಗೆ ಹೋಗಿ, ಅಪ್‌ಡೇಟ್‌ನಿಂದ ನಿಮಗೆ ಏನು ತೊಂದರೆ ಆಗುತ್ತಿತ್ತು ಅಂತ ಕೇಳಿದರು. ಆಗ ಗೊತ್ತಾಯಿತು. ಹಾಲ್ ಟಿಕೆಟ್ ಪ್ರಿಂಟ್ ತೆಗೆಯುವ ದಿನ ಮಧ್ಯದಲ್ಲೇ ಒಂದು ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ ಮುಕ್ಕಾಲು ಗಂಟೆ ನಿಂತುಬಿಟ್ಟಿತ್ತಂತೆ. ಅದಕ್ಕೇ ಹೆದರಿ ಆಫ್ ಮಾಡಿದ್ದು. ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ. ಇವರು ಅಪ್‌ಡೇಟ್ ನಡೆಯುವ ಹೊತ್ತನ್ನು ಊಟದ ಸಮಯಕ್ಕೆ ಬದಲಾಯಿಸಿದರು. ಪರೀಕ್ಷೆ ಕೆಲಸ ಇರುವ ವಾರ ಮುಂದಕ್ಕೆ ಹಾಕುವುದು ಹೇಗೆ ಅಂತ ತೋರಿಸಿಕೊಟ್ಟರು. ಆಮೇಲೆ ಯಾರೂ ಆಫ್ ಮಾಡಲಿಲ್ಲ. ಬೈದಿದ್ದರೆ ಆಫ್ ಮಾಡುವುದನ್ನು ಬಿಡುತ್ತಿರಲಿಲ್ಲ, ಮುಚ್ಚಿಟ್ಟುಕೊಳ್ಳುತ್ತಿದ್ದರು.

ಈಗ ಲೈಬ್ರರಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಲು ಬಿಡಿ. ನನ್ನ ಮನಸ್ಸಿಗೆ ಹತ್ತಿರದ್ದು.

ಎಕ್ಸೆಲ್ ಬಿಟ್ಟು ಸರಿಯಾದ ಲೈಬ್ರರಿ ಸಾಫ್ಟ್‌ವೇರ್ ಬೇಕು ಅಂದಾಗ ನಮ್ಮ ಹತ್ತಿರ ದುಡ್ಡಿರಲಿಲ್ಲ. ಇವರು ಕೋಹಾ ಹಾಕೋಣ ಅಂದರು. ಅದು ನ್ಯೂಜಿಲೆಂಡಿನಲ್ಲಿ ಹುಟ್ಟಿದ್ದು. ಅಲ್ಲಿನ ಒಂದು ಊರ ಲೈಬ್ರರಿಯ ಹಳೇ ಸಾಫ್ಟ್‌ವೇರ್ 2000ನೇ ಇಸವಿ ದಾಟುವುದಿಲ್ಲ ಅಂತ ಗೊತ್ತಾದಾಗ ಹೊಸದನ್ನು ಬರೆಸಿ, ಯಾರು ಬೇಕಾದರೂ ಉಪಯೋಗಿಸಿ ಎಂದು ಬಿಟ್ಟುಕೊಟ್ಟರು. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಕೊಡುಗೆ. ಅತಿಥಿಗಳು ಹೋದ ಮನೆಗೆ ಕೊಡುವ ಕಾಣಿಕೆ. ನಮ್ಮಲ್ಲಿ ಯಾರ ಮನೆಗಾದರೂ ಹೋಗುವಾಗ ಬರಿಗೈಲಿ ಹೋಗಬಾರದು ಅಂತಾರಲ್ಲ, ಹಾಗೆ. ಲ್ಯಾಬಿನವರು ಬೇಡ ಎಂದು ಬಿಟ್ಟ ಒಂದು ಹಳೇ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಅದರ ಮೇಲೆ ಕೋಹಾ ಕೂರಿಸಿದರು.

ನಿಜವಾದ ಕಷ್ಟ ಶುರುವಾಗಿದ್ದು ಕನ್ನಡದಿಂದ. ನಮ್ಮ ಪಟ್ಟಿಯೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಅದರಿಂದಲೇ ನಾವೆಲ್ಲ ಕನ್ನಡ ಟೈಪಿಂಗ್ ಕಲಿತದ್ದು. ಆದರೆ ನುಡಿಯ ಹಳೇ ಫಾಂಟ್‌ನಲ್ಲಿ ಬರೆದದ್ದು ಕಂಪ್ಯೂಟರ್‌ನ ಹೊಟ್ಟೆಯೊಳಗೆ ಕನ್ನಡ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಅಂಗಿ ತೊಡಿಸಿದ ಹಾಗೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ‘ಕನ್ನಡ’ ಅಂತ ಬರೆದದ್ದನ್ನು ತೆರೆದರೆ ಒಂದು ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಹೀಗೆ ಕಾಣುತ್ತದೆ. ನೀವೆಲ್ಲ ನೋಡಿರುತ್ತೀರಿ. ಕೋಹಾಕ್ಕೆ ಬೇಕಾದ್ದು ಯೂನಿಕೋಡ್, ಅಂದರೆ ಎಲ್ಲಾ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಪದ್ಧತಿ. ಅದರಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಜಾಗ ಇದೆ.

ಬದಲಾಯಿಸುವ ತಂತ್ರಾಂಶ ಸಿಕ್ಕಿತು. ಓಡಿಸಿದೆವು. ಸ್ಕ್ರೀನ್ ಮೇಲೆ ಎಲ್ಲಾ ಚೆನ್ನಾಗಿ ಕಂಡಿತು, ಖುಷಿಪಟ್ಟೆವು. ಮೊದಲ ದಿನ ಒಬ್ಬ ಹುಡುಗಿ ಬಂದು ‘ಅರ್ಥಶಾಸ್ತ್ರ’ ಅಂತ ಹುಡುಕಿದಳು. ಒಂದು ಪುಸ್ತಕವೂ ಸಿಗಲಿಲ್ಲ. ಅವಳ ಹಿಂದೆಯೇ ಎರಡು ಕಪಾಟು ತುಂಬ ಅರ್ಥಶಾಸ್ತ್ರವೇ ಇತ್ತು. ‘ಸಮಾಜ’ ಅಂದರೆ ಬರುತ್ತಿತ್ತು, ‘ಇತಿಹಾಸ’ ಅಂದರೆ ಬರುತ್ತಿತ್ತು, ಅರ್ಥಶಾಸ್ತ್ರ ಇಲ್ಲ.

ಇವರು ಆ ಹುಡುಗಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಹೇಗೆ ಟೈಪ್ ಮಾಡಿದೆ ತೋರಿಸಮ್ಮ ಅಂದರು. ಅವಳು ಟೈಪ್ ಮಾಡುವುದನ್ನು ನೋಡುತ್ತಿದ್ದವರು ಒಮ್ಮೆಲೇ ‘ಅರ್ಕಾವತ್ತು!’ ಅಂದರು. ವಿಷಯ ಇಷ್ಟೇ. ನುಡಿಯ ಹಳೇ ಫಾಂಟ್‌ನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ ಕೂರುತ್ತದೆ. ಅಂದರೆ ಅಕ್ಷರ ಆದಮೇಲೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಬಾಯಲ್ಲಿ ಹೇಳುವ ಕ್ರಮ. ರಕಾರ ಮೊದಲು, ಥಕಾರ ಆಮೇಲೆ. ನಾವು ಓಡಿಸಿದ ತಂತ್ರಾಂಶ ಇದನ್ನು ಎಷ್ಟೋ ಕಡೆ ಹಿಂದುಮುಂದು ಮಾಡಿತ್ತು. ‘ಕಣ್ಣಿನ ಲೆಕ್ಕ ಬೇರೆ, ಬಾಯಿ ಲೆಕ್ಕ ಬೇರೆ ಮೇಡಂ’ ಎಂದು ಅವರು ಹೇಳಿದ್ದನ್ನು ನಾನು ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ವರ್ಷ, ಮಾರ್ಗ, ಧರ್ಮ, ಕರ್ನಾಟಕ. ಯೋಚಿಸಿ ನೋಡಿ, ಕನ್ನಡ ಪುಸ್ತಕದ ಹೆಸರುಗಳಲ್ಲಿ ಅರ್ಕಾವತ್ತು ಎಷ್ಟಿದೆ ಅಂತ. ಒಂದು ಲೈಬ್ರರಿಯಲ್ಲಿ ‘ಕರ್ನಾಟಕ’ ಅಂತ ಹುಡುಕಿದರೆ ಏನೂ ಸಿಗದೇ ಹೋಗುವುದು ಎಂಥ ಸಂಕಟ!

ಇವರು ಅದನ್ನು ಸರಿಪಡಿಸುವ ಪುಟ್ಟ ಪ್ರೋಗ್ರಾಂ ಬರೆದರು. ಆದರೂ ಉಳಿದದ್ದನ್ನು ಕಣ್ಣಿಂದಲೇ ನೋಡಬೇಕಿತ್ತು. ಸಂಜೆ ನಾಲ್ಕರ ಮೇಲೆ ನಾನು, ಅಟೆಂಡರ್ ಅಕ್ಕ, ಇವರು, ಮೂರು ತಿಂಗಳು ಕೂತೆವು. ಅದು ಇವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಯಾರೂ ಹೇಳಿರಲಿಲ್ಲ. ‘ಹುಡುಕಿದರೆ ಸಿಗದ ಪುಸ್ತಕ ಇದ್ದೂ ಇಲ್ಲದ ಹಾಗೆ ಅಲ್ವಾ’ ಅಂದರು, ಅಷ್ಟೇ. ಮೊನ್ನೆ ನಾನು ಸುಮ್ನೆ ಅರ್ಥಶಾಸ್ತ್ರ ಅಂತ ಟೈಪ್ ಮಾಡಿ ನೋಡಿದೆ. ಪುಟ ತುಂಬ ಬಂತು.

ಅಟೆಂಡರ್ ಅಕ್ಕನ ಹೆಸರು ಬಂತಲ್ಲ, ಅವರ ಬಗ್ಗೆ ಒಂದು ಮಾತು. ಅಕ್ಕ ಮುಂದೆಯೇ ಕೂತಿದ್ದಾರೆ, ಅವರ ಅಪ್ಪಣೆ ತೆಗೆದುಕೊಂಡೇ ಹೇಳುತ್ತಿದ್ದೇನೆ. ಅಕ್ಕ ಏಳನೇ ಕ್ಲಾಸ್ ಓದಿದವರು. ಮೌಸ್ ಮುಟ್ಟಲು ಹೆದರುತ್ತಿದ್ದರು. ಧೂಳು ಒರೆಸುವಾಗಲೂ ಅದನ್ನು ಎರಡು ಬೆರಳಲ್ಲಿ ಎತ್ತಿಡುತ್ತಿದ್ದರು. ಇವರು ಒಂದು ದಿನ ಕಂಪ್ಯೂಟರ್‌ನಲ್ಲಿ ಚಿತ್ರ ಬಿಡಿಸುವ ಪೇಂಟ್ ತೆರೆದು ಕೊಟ್ಟು, ‘ಅಕ್ಕ, ಇದ್ರಲ್ಲಿ ಏನು ಮಾಡಿದ್ರೂ ಕೆಡಲ್ಲ, ಮಗಳ ಹೆಸರು ಬರೀರಿ’ ಅಂದರು. ಅಕ್ಕ ಮೌಸ್ ಹಿಡಿದು ಬರೆದರು. ಅಕ್ಷರ ಹಾವಿನ ಹಾಗೆ ಹರಿದಾಡಿತು. ಅವರು ಅದನ್ನು ಪ್ರಿಂಟ್ ತೆಗೆದು ಅಕ್ಕನ ಕೈಗೆ ಕೊಟ್ಟರು. ಇವತ್ತು ಪುಸ್ತಕ ಕೊಡುವ ಕೌಂಟರ್‌ನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮಾಡುವುದು, ದಂಡದ ಲೆಕ್ಕ ನೋಡುವುದು, ಎಲ್ಲಾ ಅಕ್ಕನೇ. ನಾನು ರಜೆ ಹಾಕಿದರೂ ಲೈಬ್ರರಿ ನಡೆಯುತ್ತದೆ.

2020ರ ಲಾಕ್‌ಡೌನ್ ಬಗ್ಗೆ ನಿಮ್ಮೆಲ್ಲರ ಹತ್ತಿರ ಒಂದೊಂದು ಕಥೆ ಇದೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಮೇಷ್ಟ್ರೊಬ್ಬರು ಊರಲ್ಲಿ ನೆಟ್‌ವರ್ಕ್ ಇಲ್ಲದೆ ಗುಡ್ಡದ ಮೇಲೆ ಹೋಗಿ ಆನ್‌ಲೈನ್ ಪಾಠ ಮಾಡಿದರು. ಮೊದಲ ದಿನ ಮಕ್ಕಳಿಗೆ ಧ್ವನಿಯೇ ಕೇಳಿಸಲಿಲ್ಲ. ಇವರು ಮನೆಯಿಂದ ಫೋನ್‌ನಲ್ಲೇ ಸರಿ ಮಾಡಿಸಿದರು. ಆಮೇಲೆ ನಾನು ಕೇಳಿದೆ, ನೋಡದೆ ಹೇಗೆ ಹೇಳ್ತೀರಿ ಅಂತ. ‘ಕಣ್ಣು ಮುಚ್ಚಿಕೊಂಡರೆ ಅವರ ಸ್ಕ್ರೀನ್ ಕಾಣುತ್ತೆ. ಅವರಿಗೆ ಕಾಣೋದನ್ನ ಅವರ ಮಾತಲ್ಲೇ ಹೇಳೋಕೆ ಬಿಡಬೇಕು, ಅವಸರ ಮಾಡಬಾರದು’ ಅಂದರು. ಎಡಗಡೆ ಹಸಿರು ಗುಂಡಿ ಅಂದರೆ ಹಸಿರು ಗುಂಡಿ. ಅದರ ಇಂಗ್ಲಿಷ್ ಹೆಸರು ಹೇಳಿ ಅಂತ ಅವರು ಯಾರನ್ನೂ ಕೇಳಲಿಲ್ಲ.

ಕಳೆದ ಅಕ್ಟೋಬರ್‌ನಲ್ಲಿ, 2025ರ ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಕಾಲ ಮುಗಿಯಿತು. ನಮ್ಮ ಎಷ್ಟೋ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಗುಜರಿಗೆ ಹಾಕಬೇಕೇನೋ ಅಂದುಕೊಂಡಿದ್ದೆವು. ಇವರು ಅವುಗಳಿಗೆ ಉಬುಂಟು ಎಂಬ ಲಿನಕ್ಸ್ ಹಾಕಿ ಲೈಬ್ರರಿಯ ಓದುವ ಮೇಜುಗಳಿಗೆ ಕೊಟ್ಟರು. ಹೋಗುವ ಮುಂಚೆ ಆ ಕೆಲಸ ಮುಗಿಸಿಯೇ ಹೋಗಬೇಕು ಅಂತ ಅವರಿಗಿತ್ತು ಅನ್ನುವುದು ನಮಗೆ ಈಗ ಗೊತ್ತಾಗುತ್ತಿದೆ.

ಒಂದು ಮಾತು ಹೇಳಲೇಬೇಕು. ಮೇಲಿನವರಿಗೆ ಬೇಸರವಾದರೂ ಪರವಾಗಿಲ್ಲ.

ಇವರು ಹದಿನಾಲ್ಕು ವರ್ಷ ಇಲ್ಲಿ ಕೆಲಸ ಮಾಡಿದ್ದು ಹೊರಗುತ್ತಿಗೆಯಲ್ಲಿ. ಪ್ರತಿ ಮಾರ್ಚ್ ಬಂದರೆ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಪ್ರಶ್ನೆ. ಏಜೆನ್ಸಿಯವರು ಎರಡೆರಡು ತಿಂಗಳು ಸಂಬಳ ಹಾಕದ ಕಾಲವೂ ಇತ್ತು. ಆ ತಿಂಗಳುಗಳಲ್ಲೂ ನಮ್ಮ ಸಂಬಳದ ಬಿಲ್ ಹೋಗುವ ಕಂಪ್ಯೂಟರ್ ಕೆಟ್ಟರೆ ಸರಿ ಮಾಡಿದ್ದು ಇವರೇ. ಈಗ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಇವರಿಗೆ ಕಾಯಂ ಕೆಲಸ ಸಿಕ್ಕಿದೆ. ನನಗೆ ನಿಜವಾಗಲೂ ಸಂತೋಷ. ಇವರ ಮನೆಯವರಿಗೆ ಸಿಗಬೇಕಾದ ನೆಮ್ಮದಿ ಅದು. ಆದರೆ ಅದನ್ನು ನಾವು ಕೊಡಲಿಲ್ಲ ಅನ್ನುವುದು ನನ್ನನ್ನು ಚುಚ್ಚುತ್ತದೆ.

ಹೋದ ವಾರ ಈ ಮಾತುಗಳಿಗೆ ತಯಾರಿ ಮಾಡಿಕೊಳ್ಳಲು ಕಾಲೇಜಿನ ಹಳೇ ವಾರ್ಷಿಕ ಸಂಚಿಕೆಗಳನ್ನು ತೆಗೆದೆ. ಇವರ ಒಂದು ಫೋಟೋ ಹುಡುಕೋಣ ಅಂತ. ಒಂದೊಂದೇ ವರ್ಷ ತಿರುವಿದೆ. ಬೋಧಕರ ಫೋಟೋ ಇದೆ, ಬೋಧಕೇತರರ ಫೋಟೋ ಇದೆ, ತೋಟದ ಮಾಲಿಯವರೂ ಇದ್ದಾರೆ. ಇವರು ಒಂದರಲ್ಲೂ ಇಲ್ಲ. ನಮ್ಮ ಪಟ್ಟಿಯಲ್ಲಿ ಇವರ ಹೆಸರೇ ಇರಲಿಲ್ಲ, ಏಜೆನ್ಸಿಯ ಪಟ್ಟಿಯಲ್ಲಿತ್ತು. ಆ ಫೋಟೋಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ, ಬೆಳಕು ಸರಿ ಮಾಡಿ, ಪ್ರೆಸ್‌ಗೆ ಕಳಿಸಿದ್ದು ಮಾತ್ರ ಪ್ರತಿ ವರ್ಷ ಇವರೇ. ಜುಲೈ ತಿಂಗಳ ಕೊನೇ ಶುಕ್ರವಾರವನ್ನು ಇಂಥ ಕೆಲಸದವರ ದಿನ ಅಂತ 2000ನೇ ಇಸವಿಯಿಂದ ಬೇರೆ ಬೇರೆ ದೇಶಗಳಲ್ಲಿ ಆಚರಿಸುತ್ತಾರೆ. ಹದಿನಾಲ್ಕು ಜುಲೈ ನಮ್ಮ ಮುಂದೆ ಹೋದವು. ಈ ಸಭೆ ಮುಗಿದ ಮೇಲೆ ಎಲ್ಲರೂ ಮೆಟ್ಟಿಲ ಹತ್ತಿರ ಬನ್ನಿ. ಫೋಟೋ ತೆಗೆಸೋಣ. ಇವರು ನಡುವೆ ಕೂರಬೇಕು. ಈ ವರ್ಷದ ಸಂಚಿಕೆಯಲ್ಲಿ ಅದು ಬರುತ್ತದೆ, ಜವಾಬ್ದಾರಿ ನನ್ನದು. ಆಡಳಿತ ಮಂಡಳಿಯವರಿಗೆ ನನ್ನ ಬೇಡಿಕೆ ಒಂದೇ. ಮುಂದೆ ಬರುವವರ ಹೆಸರು ನಮ್ಮ ಪಟ್ಟಿಯಲ್ಲಿರಲಿ.

ಕೊನೆಯದಾಗಿ ಈ ಪುಸ್ತಕ. ಎಲ್ಲರಿಗೂ ಕಾಣುತ್ತಿದೆಯಾ? ಮಾಮೂಲಿ 200 ಪುಟದ ಲಾಂಗ್ ನೋಟ್‌ಬುಕ್, ಕಂದು ರಟ್ಟು. ಮೊನ್ನೆ ಸಂಜೆ ಇವರು ನನ್ನ ಕೈಗೆ ಕೊಟ್ಟರು. ನಮ್ಮ ಪ್ರತಿಯೊಂದು ಕಂಪ್ಯೂಟರ್‌ಗೂ ಇದರಲ್ಲಿ ಎರಡು ಪುಟ ಇದೆ. ಯಾವಾಗ ಬಂತು, ಏನು ಹಾಕಿದ್ದು, ಏನು ಕೆಟ್ಟಿತ್ತು, ಏನು ಮಾಡಿದ್ದು. ಎಲ್ಲಾ ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ. ಎರಡು ರಾತ್ರಿ ಕೂತು ಇಡೀ ಪುಸ್ತಕ ಓದಿದೆ. ಒಂದು ಕಡೆಯೂ ಯಾರ ಹೆಸರೂ ಇಲ್ಲ. ‘ಚಹಾ ಚೆಲ್ಲಿತ್ತು, ಕೀಬೋರ್ಡ್ ಬದಲಿಸಿದೆ’ ಅಂತ ಇದೆ, ಯಾರು ಚೆಲ್ಲಿದ್ದು ಅಂತ ಇಲ್ಲ. 2013ರ ಜೂನ್ ಪುಟ ಹುಡುಕಿದೆ. ‘ಲೈಬ್ರರಿ ಫೈಲ್, ನಿನ್ನೆಯ ಪ್ರತಿ ಹಾಕಿದೆ. ಸರಿಯಿದೆ’ ಅಂತ ಬರೆದಿದ್ದಾರೆ. ಅಷ್ಟೇ.

ಒಂದೆರಡು ಸಾಲು ಓದುತ್ತೇನೆ. ‘11ನೇ ನಂಬರ್, ಓದುವ ಕೋಣೆ. ಚಳಿಗಾಲದಲ್ಲಿ ಬೆಳಗ್ಗೆ ಮೊದಲ ಸಲ ಆನ್ ಆಗುವುದಿಲ್ಲ. ಎರಡನೇ ಸಲ ಒತ್ತಿ. ಕೆಟ್ಟಿಲ್ಲ.’ ‘ಕೆಮಿಸ್ಟ್ರಿ ಲ್ಯಾಬ್. ಆಮ್ಲದ ಗಾಳಿಗೆ ರ‍್ಯಾಮ್‌ನ ತುದಿ ಕಪ್ಪಾಗುತ್ತದೆ. ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಹಾಕಬೇಕು. ಮೊದಲು ಕರೆಂಟ್ ತೆಗೆಯಿರಿ.’ ಮತ್ತೆ ಇದು, ಕೊನೇ ಪುಟ. ‘ಸರ್ವರ್ ಕೋಣೆಯ ಹಿಂದೆ ಅರ್ಥಿಂಗ್ ಗುಂಡಿ ಇದೆ. ಇದ್ದಿಲು, ಉಪ್ಪು ಹಾಕಿದ್ದು. ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಹಿಡಿಯುವುದಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿಗೆ ಯಂತ್ರಗಳು ಸುಡುತ್ತವೆ. ಮಾರ್ಚ್ ಒಂದರಿಂದ ಮಳೆ ಹಿಡಿಯುವವರೆಗೆ ಎರಡು ದಿನಕ್ಕೊಮ್ಮೆ ಎರಡು ಕೊಡ ನೀರು.’

ಇಷ್ಟು ವರ್ಷ ಆ ನೀರು ಯಾರು ಹಾಕುತ್ತಿದ್ದರು ಅಂತ ನಮಗೆ ಗೊತ್ತೇ ಇರಲಿಲ್ಲ. ಗುಂಡಿ ಎಲ್ಲಿದೆ ಅಂತ ನಿನ್ನೆ ನಾನೂ ಅಟೆಂಡರ್ ಅಕ್ಕನೂ ಹೋಗಿ ನೋಡಿಕೊಂಡು ಬಂದೆವು. ಹಲಸಿನ ಮರದ ಪಕ್ಕ, ಮೇಲೆ ಒಂದು ಚಪ್ಪಡಿ ಇದೆ. ಕೊಡ ಅಲ್ಲೇ ಬೋರಲು ಹಾಕಿ ಇಟ್ಟಿದ್ದೀರಿ. ಹೊಸಬರು ಬರುವವರೆಗೆ ನೀರು ನಾವು ಹಾಕುತ್ತೇವೆ, ಸರ್.